ಸಾಲ ಮಾಡದವನಿಗೆ ಸಾಲವಿಲ್ಲವಂತೆ!



ಬ್ಯಾಂಕಿನವರ ನ್ಯಾಯ ಕೇಳಿದ್ದೀರಾ? ಸಾಲ ತೆಗೆದು ಕಟ್ಟದವನು ಕೆಟ್ಟವನು, ಒಪ್ಪೋಣ. ಸಾಲವನ್ನೇ ಮಾಡದವನು? ಅವನ ಮೇಲೂ ಅನುಮಾನ! ಮಾಗಡಿ ಕಡೆಯ ರೈತನೊಬ್ಬ ಸೋರುವ ಹೆಂಚಿನ ಮನೆ ಕೆಡವಿ ಹೊಸದು ಕಟ್ಟಲು ಮೊದಲ ಸಲ ಮನೆಸಾಲ ಕೇಳಲಿ. ಇ-ಸ್ವತ್ತಿನ ನಮೂನೆ 9, 11 ಇದ್ದರೂ, ಋಣಭಾರ ಪತ್ರ ಚೊಕ್ಕವಾಗಿದ್ದರೂ, ಕಂಪ್ಯೂಟರ್ ನೋಡಿ "ನಿಮಗೆ ಸಿಬಿಲ್ ಇಲ್ಲ, ಆಗೋಲ್ಲ ಹೋಗ್ರಿ" ಅಂತಾರೆ.

ಏನಿದು ಸಿಬಿಲ್? ಸಾಲಗಾರರ ಕಂತಿನ ಲೆಕ್ಕ ಇಡುವ ಕಂಪನಿ. 2005ರ ಕಾಯ್ದೆಯಡಿ ಇಂಥವು 4 ಇವೆ. ಸಿಬಿಲ್ ಕೊಡುವ ಅಂಕ 300ರಿಂದ 900. ಹಿಂದೆ ಸಾಲವೇ ಮಾಡದವನಿಗೆ -1 ಎಂದು ಬರುತ್ತದೆ. ಅದರರ್ಥ ಇವನು ಮೋಸಗಾರ ಎಂದಲ್ಲ, ಇವನ ವಿಷಯ ನಮಗೆ ಗೊತ್ತಿಲ್ಲ ಎಂದಷ್ಟೆ. ಗೊತ್ತಿಲ್ಲದವರು ಅವರು, ಶಿಕ್ಷೆ ನಮಗೆ!

ನಮ್ಮ ಚರಿತ್ರೆ ಎಲ್ಲೂ ಬರೆದಿಲ್ಲವೇ? ಎರಡು ಹೊತ್ತೂ ಡೇರಿಗೆ ಹಾಲು ಹಾಕುತ್ತೇವೆ, ಬಟವಾಡೆ ಪಾಸ್‌ಬುಕ್ಕಿನಲ್ಲಿದೆ. ಕನಕಪುರದ ರೈತ ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಮಾರಿದ್ದಕ್ಕೆ ಚೀಟಿ ಇದೆ. ಚನ್ನಪಟ್ಟಣದ ಗೊಂಬೆ ಕೆಲಸಗಾರ ವರ್ಷಗಟ್ಟಲೆ ತಪ್ಪದೆ ಬಾಡಿಗೆ ಕಟ್ಟಿದ್ದಾನೆ, ಚೀಟಿ ಹಣ ತುಂಬಿದ್ದಾನೆ. ಗೊಬ್ಬರದಂಗಡಿಯ ಬಾಕಿ ಸುಗ್ಗಿಗೆ ತೀರಿಸದ ಸಂಸಾರ ಊರಲ್ಲಿ ತಲೆಯೆತ್ತಿ ಓಡಾಡುತ್ತದೆಯೇ? ಈ ಯಾವ ಪ್ರಾಮಾಣಿಕತೆಗೂ ಆ ಕಂಪ್ಯೂಟರಿನಲ್ಲಿ ಒಂದು ಅಂಕವಿಲ್ಲ.

ಬ್ಯಾಂಕಿಗೆ ಇರುವ ಅಪಾಯವಾದರೂ ಎಷ್ಟು? ಮನೆಪತ್ರ ಅವರ ಬೀರುವಿನಲ್ಲಿ. ಕಂತು ನಿಂತು ಸಾಲ ಸುಸ್ತಿಯಾದರೆ 2002ರ ಸರ್ಫೇಸಿ ಕಾಯ್ದೆಯಂತೆ 60 ದಿನದ ನೋಟಿಸು ಕೊಟ್ಟು, ದಾವೆ ಹೂಡದೆಯೇ ಮನೆ ವಶಕ್ಕೆ ಪಡೆಯಬಹುದು. ಇಷ್ಟು ಬಿಗಿ ಹಿಡಿತವಿದ್ದೂ ಹೆದರಿಕೆಯೇ? ಇವರು ಬಾಗಿಲು ಹಾಕಿದರೆ ನಮ್ಮ ಹೆಣ್ಣುಮಕ್ಕಳು ಮೈಕ್ರೋಫೈನಾನ್ಸಿನ ವಾರದ ಕಂತಿಗೆ, ಮೀಟರ್ ಬಡ್ಡಿಯವನ ಜಗಲಿಗೆ ಹೋಗಬೇಕು. ಆ ವಸೂಲಿಯ ಕಾಟ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನನ್ನೇ ತರಬೇಕಾಯಿತು. ಅದೇ ವರ್ಷ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರೂ ಇಟ್ಟಿತು. ಹೆಸರು ಬೆಂಗಳೂರಿನದು, ಬಡ್ಡಿ ಮಾತ್ರ ಹಳ್ಳಿಯದು!

ಈಗ ಕಿವಿಗೊಟ್ಟು ಕೇಳಿ. ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ಸಾಲದ ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿ 6ರ ನಿರ್ದೇಶನದಲ್ಲಿ ಸಲಹೆ ಕೊಟ್ಟಿದೆ. ಸಾಲಕ್ಕೆ ಇಂತಿಷ್ಟೇ ಅಂಕ ಬೇಕೆಂದು ರಿಸರ್ವ್ ಬ್ಯಾಂಕ್ ನಿಗದಿ ಮಾಡಿಲ್ಲವೆಂದು ಹಣಕಾಸು ರಾಜ್ಯ ಸಚಿವ ಪಂಕಜ್ ಚೌಧರಿಯವರೇ 2025ರ ಆಗಸ್ಟ್‌ನಲ್ಲಿ ಲೋಕಸಭೆಗೆ ತಿಳಿಸಿದರು. ಹಾಗೆಂದು ಕೇಳಿದವರಿಗೆಲ್ಲ ಸಾಲ ಕೊಡಲೇಬೇಕೆಂದಲ್ಲ. ಆದಾಯ ನೋಡಲಿ, ಪತ್ರ ನೋಡಲಿ, ಊರಲ್ಲಿ ವಿಚಾರಿಸಲಿ. ವಿಚಾರಿಸದೆ ಓಡಿಸುವುದು ಮಾತ್ರ ಸಲ್ಲದು.

ಆದ್ದರಿಂದ ಬಾಯಿಮಾತಿನ "ಆಗೋಲ್ಲ" ಕೇಳಿ ಹಿಂದಿರುಗಬೇಡಿ. ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಡೇರಿ ಬಟವಾಡೆ, ಗೂಡಿನ ಚೀಟಿ, ಒಂದು ವರ್ಷದ ಪಾಸ್‌ಬುಕ್ ಲಗತ್ತಿಸಿ. ಖಾತೆ ಗಂಡನದು, ಹಾಲಿನ ದುಡ್ಡು ಹೆಂಡತಿಯದು ಆದರೆ ಇಬ್ಬರೂ ಜಂಟಿಯಾಗಿ ಕೇಳಿ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಯಾವುದೇ ಸಾಲವಾದರೂ ಕಾರಣ ಬರೆದು ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ 2007ರಲ್ಲೇ ಹೇಳಿದೆ. ವರ್ಷಕ್ಕೊಮ್ಮೆ ನಿಮ್ಮ ಸಾಲದ ವರದಿ ಬಿಟ್ಟಿಯಾಗಿ ಸಿಗುತ್ತದೆ, ಅದನ್ನೂ ತರಿಸಿ ನೋಡಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ.

ಹಾಲಿನ ಲೆಕ್ಕ, ಗೂಡಿನ ಲೆಕ್ಕವೇ ನಮ್ಮ ಸಾಲದ ಯೋಗ್ಯತೆ ಎಂದು ಬ್ಯಾಂಕುಗಳು ಒಪ್ಪಬೇಕು. ನಮ್ಮ ಠೇವಣಿ ಇಟ್ಟುಕೊಳ್ಳುವಾಗ ಇವರು ನಮ್ಮ ಚರಿತ್ರೆ ಕೇಳಿದ್ದರೇ?