ಮಕ್ಕಳು ಕೇಳಿದರೆ ತಪ್ಪೇನು?

ಭದ್ರಾವತಿ ಹಳೇನಗರದಲ್ಲಾಗಲಿ, ಶಿವಮೊಗ್ಗದ ಟಿಪ್ಪುನಗರದಲ್ಲಾಗಲಿ, ಮಗುವಿಗೆ ನಾಲ್ಕೈದು ವರ್ಷ ತುಂಬುತ್ತಲೇ ಬಿಸ್ಮಿಲ್ಲಾ ಮಾಡಿಸುತ್ತಾರೆ. ಆಮೇಲೆ ಖಾಯಿದಾ ಎದೆಗವಚಿಕೊಂಡು ಅರಬ್ಬಿ ಕಲಿಯಲು ಹಜರತರ ಹತ್ತಿರ. ಮೊದಲ ರೋಜಾ ಹಿಡಿದ ದಿನ ಹೊಸ ಬಟ್ಟೆ, ಕೊರಳಿಗೆ ಹೂವಿನ ಹಾರ, ಇಫ್ತಾರಿಗೆ ನೆಂಟರು. ಇದರಲ್ಲಿ ಬಲವಂತ ಹುಡುಕುವುದು ತಪ್ಪು. ತಾವು ನಂಬಿದ್ದನ್ನು ಹೆತ್ತವರು ಕಲಿಸದೆ ಇನ್ಯಾರು ಕಲಿಸಬೇಕು?

ಕಷ್ಟ ಶುರುವಾಗುವುದು ಪಿಯುಸಿ ಹೊತ್ತಿಗೆ. "ಅಬ್ಬಾ, ನಮಾಜಿನಲ್ಲಿ ಮನಸ್ಸೇ ನಿಲ್ಲಲ್ಲ, ಸುಮ್ಮನೆ ಯಾಕೆ ಮಾಡಲಿ?" ಎಂದು ಮಗ ಕೇಳುತ್ತಾನೆ. ಬುರ್ಖಾ ತೊಡದ ಅಮ್ಮಿಯ ಮಗಳು ತನಗೆ ಹಿಜಾಬ್ ಬೇಕೇ ಬೇಕು ಎನ್ನುತ್ತಾಳೆ. ಅವನಿಗೆ ಮೊಹಲ್ಲಾದವರು ಏನಂದಾರು ಎಂಬ ಗದರಿಕೆ, ಇವಳಿಗೆ ಕಾಲೇಜಿನವರು ಏನಂದಾರು ಎಂಬ ಗದರಿಕೆ. ಮಕ್ಕಳು ಏನನ್ನುತ್ತಿದ್ದಾರೆಂದು ಕೇಳಿಸಿಕೊಳ್ಳಲು ಯಾರಿಗೂ ಪುರುಸೊತ್ತಿಲ್ಲ.

ಹೆತ್ತವರ ಹೆದರಿಕೆಗೆ ಕಾರಣವಿದೆ. 2022ರ ಫೆಬ್ರುವರಿಯಲ್ಲಿ ಹಿಜಾಬ್ ತೆಗೆಯಿರಿ ಎಂದಾಗ ಶಿವಮೊಗ್ಗದಲ್ಲಿ ಹತ್ತನೇ ತರಗತಿಯ ಕೆಲವು ಹುಡುಗಿಯರು ಪೂರ್ವಸಿದ್ಧತಾ ಪರೀಕ್ಷೆಯನ್ನೇ ಬಿಟ್ಟು ಮನೆಗೆ ನಡೆದರು. ಹೊರಗಿನವರು ಅನುಮಾನದಿಂದ ನೋಡುತ್ತಿರುವಾಗ ಮಗುವಿನ ಸಣ್ಣ ಸಂದೇಹವೂ ಸಮುದಾಯಕ್ಕೆ ಬಗೆದ ದ್ರೋಹದಂತೆ ಕಾಣುತ್ತದೆ. ಹೆತ್ತವರ ಸಂಕಟ ನಿಜ. ಆದರೂ ಅದನ್ನು ಹದಿನಾರರ ಹುಡುಗನ ತಲೆಗೆ ಕಟ್ಟುವುದು ಅನ್ಯಾಯ.

ಲೇಖಕಿ ಬಾನು ಮುಷ್ತಾಕ್ ಅವರನ್ನು ನೋಡಿ. ಸುತ್ತಲಿನ ಹೆಣ್ಣುಮಕ್ಕಳಂತೆ ಉರ್ದು ಶಾಲೆಯಲ್ಲಿದ್ದವರನ್ನು ಎಂಟನೇ ವಯಸ್ಸಿಗೆ ತಂದೆ ಶಿವಮೊಗ್ಗದ ಕನ್ನಡ ಕಾನ್ವೆಂಟಿಗೆ ಸೇರಿಸಿದರು. ಆರು ತಿಂಗಳಲ್ಲಿ ಕನ್ನಡ ಓದು-ಬರಹ ಕಲಿಯಬೇಕೆಂಬ ಷರತ್ತಿತ್ತು. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು! 2025ರಲ್ಲಿ ಅವರ ಕಥೆಗಳಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನಮ್ಮೂರಲ್ಲಿ ಓದಿದವರೆಂದು ಹೆಮ್ಮೆಪಟ್ಟೆವು. ಆದರೆ 2000ದಲ್ಲಿ, ಹೆಂಗಸರಿಗೂ ಮಸೀದಿ ಪ್ರವೇಶವಿರಲಿ ಎಂದದ್ದಕ್ಕೆ ಅವರ ಕುಟುಂಬ ಮೂರು ತಿಂಗಳು ಬಹಿಷ್ಕಾರ ಅನುಭವಿಸಿತು. ಒಬ್ಬ ಚೂರಿ ಹಿಡಿದೂ ಬಂದ. ಧರ್ಮ ಬೇಡವೆಂದು ಅವರು ಹೇಳಿರಲಿಲ್ಲ. ಮಸೀದಿಯಲ್ಲಿ ಜಾಗ ಕೇಳಿದ್ದರು, ಅಷ್ಟೇ. ಪ್ರಶ್ನೆ ಕೇಳಿದವರನ್ನೆಲ್ಲ ಕೈತಪ್ಪಿದವರ ಲೆಕ್ಕಕ್ಕೆ ಸೇರಿಸುವ ಅವಸರ ಮನೆಯೊಳಗೂ ಇದೆ.

ಭಾರತ 1992ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿ ಮಗುವಿನ ಧರ್ಮಸ್ವಾತಂತ್ರ್ಯವನ್ನೂ, ಅದು ಬೆಳೆದಂತೆಲ್ಲ ತಕ್ಕ ದಾರಿ ತೋರುವ ಹೆತ್ತವರ ಹಕ್ಕನ್ನೂ ಒಟ್ಟಿಗೇ ಹೇಳುತ್ತದೆ. ಕುರಾನಿನ ಎರಡನೇ ಅಧ್ಯಾಯದ 256ನೇ ವಚನವೂ ಧರ್ಮದ ವಿಷಯದಲ್ಲಿ ಒತ್ತಾಯವನ್ನು ಒಪ್ಪುವುದಿಲ್ಲ. ಜುಮ್ಮಾ ಬಯಾನಿನಲ್ಲಿ ಹಜರತರು ಈ ವಚನವನ್ನು ಎತ್ತಿಕೊಂಡು, ಅದು ಮನೆಮಕ್ಕಳಿಗೂ ಅನ್ವಯಿಸುತ್ತದೆಂದು ಬಿಡಿಸಿ ಹೇಳಲಿ. ಅದನ್ನು ಕೇಳಲು ತಾಯಂದಿರಿಗೂ ಒಳಗೆ ಜಾಗ ಕೊಡಲಿ.