ತೂಕದ ಚೀಟಿಯೂ ಸಾಕ್ಷಿ ಹೇಳಲಿ

2022ರ ಜೂನ್ 26, ಭಾನುವಾರ. ಗೋಕಾಕ ತಾಲ್ಲೂಕಿನ ಅಕ್ಕತಂಗೇರಹಾಳ ಮತ್ತು ಸುತ್ತಲಿನ ಹಳ್ಳಿಗಳ ಕೂಲಿಕಾರರು ರೈಲ್ವೆ ಕಾಮಗಾರಿಗೆಂದು ಕ್ರೂಸರ್ ಏರಿ ಬೆಳಗಾವಿಯತ್ತ ಹೊರಟಿದ್ದರು. ಕಲ್ಯಾಳ ಸೇತುವೆಯ ಬಳಿ ವಾಹನ ಬಳ್ಳಾರಿ ನಾಲಾಕ್ಕೆ ಉರುಳಿತು. ಏಳು ಮಂದಿ ಪ್ರಾಣ ಕಳೆದುಕೊಂಡರು. ಪರಿಹಾರ ಘೋಷಣೆಯಾಯಿತು. ಕೆಲವು ದಿನಗಳಲ್ಲಿ ಅಂಕಲಗಿಯ ರಸ್ತೆ ಮತ್ತೆ ಎಂದಿನಂತಾಯಿತು.

ಅಪಘಾತವಾದಾಗಲೆಲ್ಲ ನಮ್ಮಲ್ಲಿ ಮೊದಲು ಕೇಳಿಬರುವುದು ಚಾಲಕನ ಹೆಸರು. ಅತಿವೇಗ, ಅಜಾಗರೂಕತೆ ಎಂಬ ಎರಡು ಪದಗಳಲ್ಲಿ ವಿಷಯ ಮುಗಿದುಹೋಗುತ್ತದೆ. ಆ ವಾಹನ ರಸ್ತೆಗಿಳಿಯಲು ಯೋಗ್ಯವಾಗಿತ್ತೇ, ಅದನ್ನು ಬಾಡಿಗೆಗೆ ಗೊತ್ತುಮಾಡಿದವರು ಯಾರು, ಅವರಿಗೆ ಯಾವ ಹೊಣೆಯೂ ಇಲ್ಲವೇ ಎಂಬ ಪ್ರಶ್ನೆಗಳು ಹಿಂದೆ ಸರಿಯುತ್ತವೆ. ಇದು ಯಾವುದೋ ಒಂದು ಅಪಘಾತದ ಮಾತಲ್ಲ. ನಮ್ಮ ವ್ಯವಸ್ಥೆಯ ರೂಢಿಯ ಮಾತು.

ಕಾನೂನು ದುರ್ಬಲವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 56ನೇ ಕಲಮಿನ ಪ್ರಕಾರ ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನಕ್ಕೆ ನೋಂದಣಿಯೇ ಇಲ್ಲವೆಂದು ಭಾವಿಸಬೇಕು. ಎಲ್ಲರ ಬಾಯಲ್ಲೂ ‘ಎಫ್‌ಸಿ’ ಎನಿಸಿಕೊಂಡಿರುವ ಈ ಪತ್ರವನ್ನು ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆನಂತರ ಪ್ರತಿವರ್ಷ ಪಡೆಯಬೇಕು. ಆದರೆ ಇದನ್ನು ಬಹುಕಾಲ ನೀಡುತ್ತ ಬಂದದ್ದು ಇನ್‌ಸ್ಪೆಕ್ಟರರ ಕಣ್ಣಂದಾಜಿನ ಮೇಲೆ. ಮೈದಾನದಲ್ಲಿ ನಾಲ್ಕು ಮಾರು ಓಡಿಸಿ ಬ್ರೇಕ್ ಒತ್ತಿಸಿದರೆ ಎಡ ಚಕ್ರಕ್ಕೂ ಬಲ ಚಕ್ರಕ್ಕೂ ಹಿಡಿತದಲ್ಲಿರುವ ವ್ಯತ್ಯಾಸ ಎಷ್ಟು ಪ್ರಾಮಾಣಿಕ ಅಧಿಕಾರಿಗೂ ತಿಳಿಯದು. ಎಫ್‌ಸಿ ದಿನದ ಮಟ್ಟಿಗೆ ಒಳ್ಳೆಯ ಟೈರುಗಳನ್ನು ಎರವಲು ತಂದು ಹಾಕಿ, ಸಂಜೆಗೆ ಬಿಚ್ಚಿಕೊಡುವ ಪರಿಪಾಠ ವಾಹನ ಮಾಲೀಕರಿಗೆ ಹೊಸದೇನಲ್ಲ.

ಆದ್ದರಿಂದಲೇ 2019ರ ತಿದ್ದುಪಡಿ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳಿಗೆ ದಾರಿ ಮಾಡಿತು. 2021ರಲ್ಲಿ ಇವುಗಳ ನಿಯಮಗಳು ಬಂದವು. ಇಲ್ಲಿ ಚಕ್ರಗಳು ರೋಲರ್ ಮೇಲೆ ತಿರುಗುತ್ತವೆ; ಬ್ರೇಕಿನ ಬಲ, ದೀಪದ ನೇರ, ಹೊಗೆಯ ಪ್ರಮಾಣ ಎಲ್ಲವನ್ನೂ ಯಂತ್ರವೇ ದಾಖಲಿಸುತ್ತದೆ. ಭಾರಿ ವಾಹನಗಳಿಗೆ 2023ರ ಏಪ್ರಿಲ್ 1ರಿಂದ ಕಡ್ಡಾಯವೆಂದು ಹೇಳಿದ ಕೇಂದ್ರ ಸರ್ಕಾರ, ಸಾಕಷ್ಟು ಕೇಂದ್ರಗಳು ಸಿದ್ಧವಾಗದೆ ಗಡುವನ್ನು 2024ರ ಅಕ್ಟೋಬರ್ 1ಕ್ಕೆ ಮುಂದೂಡಬೇಕಾಯಿತು. ವಿಳಂಬವಾದರೂ ಇದು ಸ್ವಾಗತಾರ್ಹ ಸುಧಾರಣೆಯೆಂದೇ ನನ್ನ ಅಭಿಪ್ರಾಯ. ಆದರೆ ಯಂತ್ರ ನೋಡುವುದು ವರ್ಷದ ಒಂದು ದಿನವನ್ನು. ಉಳಿದ ದಿನಗಳನ್ನು ನೋಡುವವರು ಯಾರು?

ಈ ಪ್ರಶ್ನೆಗೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರಸ್ತೆಗಳಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿಕೊಂಡು, ಇಕ್ಕೆಲಗಳಲ್ಲಿ ಕಬ್ಬಿನ ಗಳ ಚಾಚಿಕೊಂಡು ಹೊರಟ ಸಾಲು ಹಗಲಿರುಳು ಸಾಗುತ್ತದೆ. ಎಷ್ಟೋ ಟ್ರೇಲರುಗಳಿಗೆ ಸ್ವಂತ ಬ್ರೇಕಿಲ್ಲ, ಹಿಂದೀಪವಿಲ್ಲ. ಏರಿನಲ್ಲಿ ಟ್ರ್ಯಾಕ್ಟರಿನ ಮುಂಗಾಲಿ ನೆಲ ಬಿಟ್ಟು ಏಳುತ್ತದೆ. ರಾತ್ರಿ ಪಂಕ್ಚರ್ ಆದರೆ ರಸ್ತೆಯಲ್ಲೇ ನಿಲ್ಲಿಸಿ ನಾಲ್ಕು ಕಲ್ಲು ಇಡುತ್ತಾರೆ. ಗಾಡಿ ಹೋದ ಮೇಲೂ ಕಲ್ಲು ಅಲ್ಲೇ ಉಳಿದು ಬೈಕ್ ಸವಾರನಿಗಾಗಿ ಕಾಯುತ್ತದೆ. ಹಂಗಾಮಿನ ರಾತ್ರಿಗಳಲ್ಲಿ ಈ ರಸ್ತೆಯಲ್ಲಿ ಪಯಣಿಸುವಾಗ ನನಗೆ ಎದುರಿನ ಬೆಳಕಿಗಿಂತ ಮುಂದಿನ ಕತ್ತಲೆಯದೇ ಹೆಚ್ಚು ಭಯ.

ಇವು ಕೃಷಿ ವಾಹನಗಳಲ್ಲವೇ ಎನ್ನಬಹುದು. ಹೊಲದಲ್ಲಿ ನೇಗಿಲು ಎಳೆಯುವಾಗ ಹೌದು. ಬಾಡಿಗೆಗೆ ಸರಕು ಹೇರಿಕೊಂಡು ಹೆದ್ದಾರಿಗೆ ಬಂದಾಗ ಅಲ್ಲ. ಕರ್ನಾಟಕ ಸರ್ಕಾರವೇ ಕಕ್ಷಿಯಾಗಿದ್ದ ನಟವರ್ ಪಾರೀಖ್ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್, ಟ್ರ್ಯಾಕ್ಟರ್ ಮತ್ತು ಟ್ರೇಲರ್ ಕೂಡಿದಾಗ ಅದು ಸರಕು ಸಾಗಣೆ ವಾಹನ, ಆದ್ದರಿಂದ ಸಾರಿಗೆ ವಾಹನ ಎಂದು ಸ್ಪಷ್ಟಪಡಿಸಿದೆ. ಆದರೆ ನಮ್ಮ ಆಡಳಿತ ಕೃಷಿಯ ಹೆಸರಿನಲ್ಲಿ ಕಣ್ಣು ಮುಚ್ಚಿಕೊಂಡಿದೆ. ಹಂಗಾಮಿಗೆ ಮುನ್ನ ಪೊಲೀಸರು ಪ್ರತಿಫಲಕ ಪಟ್ಟಿ ಅಂಟಿಸುವುದು ಒಳ್ಳೆಯದೇ. ಆದರೆ ಪಟ್ಟಿ ಅಂಟಿಸಿದ ಮಾತ್ರಕ್ಕೆ ಬ್ರೇಕ್ ಹಿಡಿಯುವುದಿಲ್ಲ.

ನನ್ನ ಸಲಹೆ ಸರಳವಾದುದು. ಪ್ರತಿಯೊಂದು ಕಬ್ಬಿನ ಗಾಡಿಯೂ ಕಾರ್ಖಾನೆಯ ತೂಕದ ಸೇತುವೆ ಏರಲೇಬೇಕು. ವಾಹನದ ಸಂಖ್ಯೆ, ಸಮಯ, ಟನ್ನು ಎಲ್ಲವೂ ಅಲ್ಲಿ ದಾಖಲಾಗುತ್ತವೆ, ಏಕೆಂದರೆ ರೈತನ ಬಿಲ್ಲು ಅದರ ಮೇಲೆ ನಿಂತಿದೆ. ಹಣ ಎಣಿಸಲು ನಂಬಲರ್ಹವಾದ ಈ ದಾಖಲೆ ಕಾನೂನು ಪಾಲನೆಗೆ ಮಾತ್ರ ಏಕೆ ಬೇಡ? ಮಿತಿಮೀರಿದ ಭಾರಕ್ಕೆ 194ನೇ ಕಲಮು 20 ಸಾವಿರ ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ 2 ಸಾವಿರ ರೂಪಾಯಿ ವಿಧಿಸುತ್ತದೆ. ಚಾಲಕನಷ್ಟೇ ಅಲ್ಲ, ಹಾಗೆ ಓಡಿಸಲು ಕಾರಣನಾದವನೂ ಬಿಟ್ಟವನೂ ಅದರ ವ್ಯಾಪ್ತಿಗೆ ಬರುತ್ತಾರೆ. ಅರ್ಹತಾ ಪತ್ರವಿಲ್ಲದ, ಬ್ರೇಕಿಲ್ಲದ ಟ್ರೇಲರಿಗೆ ಸಾಗಣೆಯ ಗುತ್ತಿಗೆ ಕೊಡಬಾರದೆಂಬ ಷರತ್ತನ್ನು ಕಾರ್ಖಾನೆಗಳ ಮೇಲೆ ವಿಧಿಸಿ, ತೂಕದ ದಾಖಲೆಯನ್ನು ಸಾರಿಗೆ ಇಲಾಖೆಗೆ ಜೋಡಿಸಿದರೆ, ರಸ್ತೆಯಲ್ಲಿ ಕೈ ಅಡ್ಡ ಹಿಡಿದು ನಿಲ್ಲುವ ತಪಾಸಣೆಗಿಂತ ಅದು ಪರಿಣಾಮಕಾರಿ. ಅಲ್ಲಿ ಚೌಕಾಶಿಗೆ ಎಡೆಯೂ ಇಲ್ಲ.

ಇದರಿಂದ ಬಡ ಟ್ರ್ಯಾಕ್ಟರ್ ಮಾಲೀಕ ಸಾಯುತ್ತಾನೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆತ ಸಾಲ ಮಾಡಿದವನು. ಕಾರ್ಖಾನೆಯ ಅಂಗಳದಲ್ಲಿ ಪಾಳಿಗಾಗಿ ತಾಸುಗಟ್ಟಲೆ ಕಾದವನು, ಒಂದು ಖೇಪಿನಲ್ಲಿ ಎರಡು ಖೇಪಿನ ಭಾರ ಹೇರುವುದು ದುರಾಸೆಯಿಂದಷ್ಟೇ ಅಲ್ಲ. ಈ ಕಾರಣಕ್ಕೇ ಹೊಣೆ ಆತನೊಬ್ಬನ ತಲೆಗೆ ಬೀಳಬಾರದು. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹೋರಾಡಿ ಟನ್ನಿಗೆ 3,300 ರೂಪಾಯಿ ದರ ಪಡೆದರು. ಕಟಾವು ಮತ್ತು ಸಾಗಣೆಯ ವೆಚ್ಚ ಕಬ್ಬಿನ ಲೆಕ್ಕದಲ್ಲೇ ಕಡಿತವಾಗುವಾಗ, ಆ ಹಣಕ್ಕೆ ಸುರಕ್ಷಿತ ವಾಹನ ಸಿಗಬೇಕೆಂದು ಕೇಳುವ ಹಕ್ಕೂ ರೈತನಿಗಿದೆ. ಹಂಗಾಮಿಗೆ ಮೊದಲು ಗೋಕಾಕದಂಥ ಪ್ರಾದೇಶಿಕ ಸಾರಿಗೆ ಕಚೇರಿಗಳು ಕಾರ್ಖಾನೆಯ ಆವರಣದಲ್ಲೇ ತಪಾಸಣಾ ಶಿಬಿರ ನಡೆಸಲಿ. ಟ್ರೇಲರಿಗೆ ಬ್ರೇಕ್, ದೀಪ ಕೂಡಿಸಲು ಸಾಗಣೆ ಮುಂಗಡದಲ್ಲೇ ಒಂದು ಪಾಲು ಮೀಸಲಾಗಲಿ.

ಕೂಲಿಕಾರರನ್ನು ಸಾಗಿಸುವ ಗುತ್ತಿಗೆದಾರರಿಗೂ ಇದೇ ನ್ಯಾಯ ಅನ್ವಯಿಸಬೇಕು. 2023ರ ಜನವರಿಯಲ್ಲಿ ರಾಮದುರ್ಗ ತಾಲ್ಲೂಕಿನ ಚುಂಚನೂರಿನ ಬಳಿ ಸರಕು ವಾಹನವೊಂದು ಮರಕ್ಕೆ ಗುದ್ದಿ, ಸವದತ್ತಿ ಯಲ್ಲಮ್ಮನ ದರ್ಶನಕ್ಕೆ ಹೊರಟಿದ್ದ ಆರು ಮಂದಿ ಮೃತಪಟ್ಟರು. ಸರಕಿಗೆ ಯೋಗ್ಯವಾದ ವಾಹನ ಮನುಷ್ಯರಿಗೂ ಯೋಗ್ಯವೆಂದು ಯಾವ ಅರ್ಹತಾ ಪತ್ರವೂ ಹೇಳುವುದಿಲ್ಲ. ಆದರೆ ಹಳ್ಳಿಗೆ ಹೊತ್ತಿಗೆ ಸರಿಯಾಗಿ ಬಸ್ಸು ಬಾರದಿದ್ದರೆ ಜನ ಸಿಕ್ಕಿದ್ದನ್ನು ಏರುತ್ತಾರೆ ಎಂಬುದನ್ನೂ ಸರ್ಕಾರ ಮರೆಯಬಾರದು.

ಪರೀಕ್ಷಾ ಕೇಂದ್ರದ ರೋಲರು ಬ್ರೇಕಿನ ಬಲವನ್ನು ಅಳೆಯಬಲ್ಲದು. ಆ ಬ್ರೇಕಿನ ಮೇಲೆ ದಿನವೂ ಎಷ್ಟು ಭಾರ ಬೀಳುತ್ತಿದೆ ಎಂಬುದು ಗೊತ್ತಿರುವುದು ಬಾಡಿಗೆಗೆ ಕರೆದವನಿಗೆ. ಅವನನ್ನು ಕೇಳದೆ ಕೊಡುವ ಅರ್ಹತಾ ಪತ್ರ ಗಾಜಿನ ಮೇಲೆ ಅಂಟಿಸಿದ ಕಾಗದವಾಗಿಯೇ ಉಳಿಯುತ್ತದೆ.