ಕ್ಯಾಮ್ ಬದಲಿಸಿದರೆ ಸಾಕು, ಹಳೆಯ ಬುಲೆಟ್ ಹಾರುತ್ತದೆಯೇ?

ಹಳೆಯ ಬೈಕು ಪ್ರಿಯರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಕಾಣುವ ಮಾತಿದು: "ಒಂದು ಪರ್ಫಾರ್ಮೆನ್ಸ್ ಕ್ಯಾಮ್ ಹಾಕಿಸಿ ನೋಡಿ, ಗಾಡಿ ಹಾರುತ್ತೆ!" ಇದು ಎಷ್ಟು ನಿಜ?

ಚುಟುಕು ಉತ್ತರ: ಅರ್ಧ ನಿಜ. ಎಂಜಿನ್ನಿನ ಬಲ ಯಾವ ವೇಗದಲ್ಲಿ ಸಿಗಬೇಕು ಎಂಬುದನ್ನು ಕ್ಯಾಮ್ ಬದಲಿಸುತ್ತದೆ. ಮೇಲಿನ ವೇಗದಲ್ಲಿ ಗಳಿಸಿದ್ದನ್ನು ಸಾಮಾನ್ಯವಾಗಿ ಕೆಳಗಿನ ವೇಗದಲ್ಲಿ ಕಳೆದುಕೊಳ್ಳುತ್ತೇವೆ.

ಎಲ್ಲ ಬೈಕಿಗೂ ಕ್ಯಾಮ್ ಇದೆಯೇ?

ಇಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಜಾವಾ, ಯೆಜ್ಡಿಗಳು ಟೂ-ಸ್ಟ್ರೋಕ್ ಗಾಡಿಗಳು. ಅವುಗಳಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣ ಸಿಲಿಂಡರ್ ಗೋಡೆಯ ಕಿಂಡಿಗಳ ಮೂಲಕ ಬರುತ್ತದೆ. ವಾಲ್ವೂ ಇಲ್ಲ, ಕ್ಯಾಮೂ ಇಲ್ಲ. ಯಾರಾದರೂ "ಹಳೆ ಯೆಜ್ಡಿಗೆ ಕ್ಯಾಮ್" ಎಂದು ಮಾರಲು ಬಂದರೆ ನಕ್ಕು ಕಳಿಸಿ. ಬುಲೆಟ್ ಫೋರ್-ಸ್ಟ್ರೋಕ್. ಹಳೆಯ ಕಾಸ್ಟ್ ಐರನ್ ಎಂಜಿನ್ನಿನಲ್ಲಿ ಇನ್‌ಲೆಟ್‌ಗೆ ಒಂದು, ಎಕ್ಸಾಸ್ಟ್‌ಗೆ ಒಂದು, ಹೀಗೆ ಎರಡು ಬಿಡಿ ಕ್ಯಾಮ್‌ಗಳಿವೆ.

ಕ್ಯಾಮ್ ಮಾಡುವ ಕೆಲಸವೇನು?

ಕ್ಯಾಮ್ ಅಂದರೆ ಒಂದು ಬದಿ ಉಬ್ಬಿದ ಚಕ್ರ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಇದು ಒಂದು ಸುತ್ತು ತಿರುಗಿ, ಉಬ್ಬಿನಿಂದ ವಾಲ್ವನ್ನು ಒಮ್ಮೆ ತೆರೆಯುತ್ತದೆ. ವಾಲ್ವ್ ಎಷ್ಟು ಎತ್ತರ ಏಳುತ್ತದೆ ಎಂಬುದು ಲಿಫ್ಟ್. ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು ಡ್ಯುರೇಶನ್. ಇದನ್ನು ಕ್ರ್ಯಾಂಕ್ ತಿರುಗಿದ ಡಿಗ್ರಿಗಳಲ್ಲಿ ಹೇಳುತ್ತಾರೆ.

ಪರ್ಫಾರ್ಮೆನ್ಸ್ ಕ್ಯಾಮ್‌ನಲ್ಲಿ ಸಾಮಾನ್ಯವಾಗಿ ಎರಡೂ ಹೆಚ್ಚು. ಪಿಸ್ಟನ್ ಮೇಲೇರತೊಡಗಿದ ಮೇಲೂ ಇನ್‌ಲೆಟ್ ವಾಲ್ವ್ ಇನ್ನಷ್ಟು ಹೊತ್ತು ತೆರೆದಿರುತ್ತದೆ. ಎಂಜಿನ್ ಜೋರಾಗಿ ಓಡುವಾಗ ಒಳನುಗ್ಗುವ ಮಿಶ್ರಣಕ್ಕೆ ರಭಸವಿರುತ್ತದೆ, ಆದ್ದರಿಂದ ಸಿಲಿಂಡರ್ ಇನ್ನೂ ತುಂಬುತ್ತಲೇ ಇರುತ್ತದೆ. ನಿಧಾನವಾಗಿ ಓಡುವಾಗ ಆ ರಭಸ ಇರುವುದಿಲ್ಲ. ಏರುವ ಪಿಸ್ಟನ್ ಒಳಬಂದ ಮಿಶ್ರಣವನ್ನೇ ಕಾರ್ಬುರೇಟರ್ ಕಡೆಗೆ ಹಿಂದಕ್ಕೆ ತಳ್ಳುತ್ತದೆ. ಎಳೆತ ಕಡಿಮೆಯಾಗುತ್ತದೆ, ಐಡಲ್ ತಡವರಿಸುತ್ತದೆ.

ಬುಲೆಟ್‌ಗೆ ಇದು ಏಕೆ ಸೂಕ್ಷ್ಮ?

ಹಳೆಯ 350ರ ಪಿಸ್ಟನ್ ಅಗಲ 70 ಮಿ.ಮೀ., ಓಡಾಟ 90 ಮಿ.ಮೀ. ಇಂಥ ಉದ್ದ ಸ್ಟ್ರೋಕಿನ ಎಂಜಿನ್ ಕಡಿಮೆ ವೇಗದಲ್ಲಿ ಎಳೆಯಲೆಂದೇ ಮಾಡಿದ್ದು. ನಿಮಿಷಕ್ಕೆ 5,000 ಸುತ್ತಿನಲ್ಲಿ ಇದರ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 15 ಮೀಟರ್. 6,000ದಲ್ಲಿ 18 ಮೀಟರ್. ವೇಗ ಏರಿದಂತೆ ಕನೆಕ್ಟಿಂಗ್ ರಾಡ್ ಮೇಲಿನ ಎಳೆದಾಟ ವೇಗದ ವರ್ಗದಷ್ಟು ಏರುತ್ತದೆ: ಸುತ್ತು ಐದನೇ ಒಂದು ಪಾಲು ಹೆಚ್ಚಿದರೆ ಎಳೆದಾಟ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಕ್ಯಾಮ್‌ನ ಲಾಭ ಸಿಗುವುದು ಆ ಮೇಲಿನ ವೇಗದಲ್ಲೇ. ಹಳೆಯ ರಾಡ್, ಬೇರಿಂಗ್ ಅಲ್ಲಿ ಮುರಿದರೆ ಅಜ್ಜನ ಕಾಲದ ಕ್ರ್ಯಾಂಕ್‌ಕೇಸೇ ಹೋಳಾಗಬಹುದು.

ಕೊಳ್ಳುವ ಮುನ್ನ ಏನು ನೋಡಬೇಕು?

• ನೀವು ಹೆಚ್ಚಾಗಿ ಓಡಿಸುವುದು ಎಲ್ಲಿ? ಊರೊಳಗಿನ ಟ್ರಾಫಿಕ್‌ಗೆ, ಘಟ್ಟದ ರಸ್ತೆಗೆ ಮೂಲ ಕ್ಯಾಮ್, ಇಲ್ಲವೇ ಅದಕ್ಕಿಂತ ತುಸು ಮಾತ್ರ ಬಿರುಸಾದದ್ದು ಸಾಕು.

• ಡ್ಯುರೇಶನ್ ಅಂಕಿಯನ್ನು ಎಷ್ಟು ಲಿಫ್ಟ್‌ನಲ್ಲಿ ಅಳೆದದ್ದು ಎಂದು ಕೇಳಿ. ಒಂದೇ ಕ್ಯಾಮ್‌ಗೆ ಅಳತೆಯ ಕ್ರಮ ಬದಲಾದರೆ ಹತ್ತಾರು ಡಿಗ್ರಿ ವ್ಯತ್ಯಾಸ ಬರುತ್ತದೆ. ಒಂದೇ ಕ್ರಮದ ಅಂಕಿಗಳನ್ನಷ್ಟೇ ಹೋಲಿಸಿ.

• ಲಿಫ್ಟ್ ಹೆಚ್ಚಿದರೆ ವಾಲ್ವ್ ಪಿಸ್ಟನ್‌ಗೆ ಬಡಿಯಬಹುದು, ಸ್ಪ್ರಿಂಗ್ ಪೂರ್ತಿ ಅದುಮಿ ಕೂರಬಹುದು. ಪಿಸ್ಟನ್ ಮೇಲೆ ಮೆತ್ತನೆಯ ಜೇಡಿ ಇಟ್ಟು, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಅಚ್ಚು ಬಿದ್ದ ಕಡೆ ಉಳಿದ ದಪ್ಪ ಅಳೆಯುವುದು ಮೆಕ್ಯಾನಿಕ್‌ಗಳ ಹಳೆಯ ಉಪಾಯ.

• ಹೊಸ ಕ್ಯಾಮ್‌ಗೆ ಹೊಸ ಟ್ಯಾಪೆಟ್ ಹಾಕಿಸಿ. ಸವೆದ ಟ್ಯಾಪೆಟ್ ಹೊಸ ಉಬ್ಬನ್ನೂ ಬೇಗ ತಿಂದುಹಾಕುತ್ತದೆ.

• ಕಾರ್ಬುರೇಟರ್, ಕಂಪ್ರೆಶನ್, ಸೈಲೆನ್ಸರ್ ಹೊಂದದೇ ಇದ್ದರೆ ಕ್ಯಾಮ್‌ನ ಲಾಭ ಪೂರ್ತಿ ಸಿಗದು.

ಪಿಕಪ್ ಕುಗ್ಗಿದ ಹಳೆಯ ಗಾಡಿಗೆ ಮೊದಲು ಕಂಪ್ರೆಶನ್, ಇಗ್ನಿಷನ್ ಟೈಮಿಂಗ್, ಟ್ಯಾಪೆಟ್ ಸಂದು ನೋಡಿಸಿ. ಎಷ್ಟೋ ಸಲ ಕಳೆದುಹೋದ ಬಲ ಅಲ್ಲೇ ಸಿಗುತ್ತದೆ, ಖರ್ಚೂ ಕಡಿಮೆ. ಮುಂದಿನ ಸಲ "ಕ್ಯಾಮ್ ಹಾಕಿಸಿ ಸಾಕು" ಎಂಬ ಫಾರ್ವರ್ಡ್ ಬಂದರೆ, ಹಂಚುವ ಮುನ್ನ "ಯಾವ ವೇಗದಲ್ಲಿ ಲಾಭ?" ಎಂದು ಕೇಳಿ ನೋಡಿ.